ಹನ್ನೆರಡನೆಯವಳು

ಬೆಳಿಗ್ಗೆ ಹತ್ತೂವರೆಗೆ, ಶಾಲೆಯ ಅಡುಗೆಮನೆಯ ರೇಡಿಯೋದಲ್ಲಿ, ಲವೋನ್ ಟೀಮನ್‌ಳ ತಂಗಿ ಇನ್ನೊಮ್ಮೆ ಸತ್ತಳು. ಲವೋನ್ ಆಗ ಮುನ್ನೂರು ಮಕ್ಕಳ ಮಧ್ಯಾಹ್ನದ ಊಟಕ್ಕೆ ಚಿಲಿ ಎನ್ನುವ ಕಾಳು-ಮಾಂಸದ ಸಾರು ತಿರುವುತ್ತ ನಿಂತಿದ್ದಳು. ಅಧ್ಯಕ್ಷ ಪದವಿಗೆ ಪಕ್ಷದ ಉಮೇದುವಾರಿಕೆ ಕೇಳುತ್ತಿದ್ದ ಸೆನೆಟರ್ ಹಾಲ್ಡೇನನ ದನಿ ಇಳಿಯಬೇಕಾದ ಜಾಗದಲ್ಲಿ ಇಳಿಯಿತು, ನಿಲ್ಲಬೇಕಾದ ಜಾಗದಲ್ಲಿ ನಿಂತಿತು. 'ಇದೇ ಅಯೋವಾದ ಒಂದು ಸಣ್ಣ ಊರಲ್ಲಿ, ಮಕ್ಕಳಿಗೆ ಅಡುಗೆ ಮಾಡಿ ಹಾಕೋ ಒಬ್ಬ ತಾಯಿಯನ್ನ ಕಂಡೆ' ಅಂದ. ಲವೋನ್ ಯಾರ ತಾಯಿಯೂ ಅಲ್ಲ. ಆಕೆಯ ತಂಗಿ ಇನ್ಸುಲಿನ್ ತಿಂಗಳ ಕೊನೆಯವರೆಗೆ ಬರಲೆಂದು ಅರ್ಧರ್ಧ ಚುಚ್ಚಿಕೊಳ್ಳುತ್ತಿದ್ದಳು ಅಂದ, ಅದು ನಿಜ. ಹೊರಗೆ ಹಿಮ ಬೀಳುತ್ತಿದ್ದ ಒಂದು ಭಾನುವಾರ ಅಕ್ಕನ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದಳು ಅಂದ. ಅಕ್ಟೋಬರಿನಲ್ಲಿ ಬರಿಯ ಭಾನುವಾರವಿತ್ತು. ನವೆಂಬರಿನಲ್ಲಿ ಅದಕ್ಕೆ ಕಿಟಕಿ ಸೇರಿತು, ಡಿಸೆಂಬರಿನಲ್ಲಿ ಹಿಮ ಬೀಳತೊಡಗಿತು. ವಾರಕ್ಕೆರಡು ಸಲ ಅವನ ಬಾಯಲ್ಲಿ ಮಾರ್ಲಿಸ್ ಸಾಯುತ್ತಿದ್ದಳು, ಸತ್ತಷ್ಟೂ ಚೆಂದವಾಗುತ್ತಿದ್ದಳು. ಚಪ್ಪಾಳೆಯ ಸದ್ದು ಬಂದಾಗ ಲವೋನ್ ಸೌಟನ್ನು ಹಂಡೆಯ ಅಂಚಿಗೆ ಕುಟ್ಟಿದ ರಭಸಕ್ಕೆ ಕೆಂಪು ಕಾಳು ಮೂರ್ನಾಲ್ಕು ಗೋಡೆಗೆ ಹಾರಿದವು.

"ಆಫ್ ಮಾಡ್ಲಾ?" ಎಂದಳು ಒಡಿಲಿಯಾ. ಒಂಬತ್ತು ವರ್ಷದಿಂದ ಇದೇ ಅಡುಗೆಮನೆಯಲ್ಲಿ ಲವೋನಳ ಎದುರು ನಿಂತು ದಾಲ್ಚಿನ್ನಿ ಬನ್ನಿನ ಸುರುಳಿ ಸುತ್ತಿದವಳು.

"ಬೇಡ, ಬೊಗಳ್ಕೊಳ್ಳಲಿ."

"ಇವತ್ತು ಸಂಜೆ ಪಕ್ಷದ ಸಭೇಲಿ ಆರಿಸಿಬಿಟ್ರೆ ಮುಗೀತಲ್ಲ. ನಾಳೆ ಎಲ್ಲ ಗಂಟುಮೂಟೆ ಕಟ್ಕೊಂಡು ನ್ಯೂ ಹ್ಯಾಂಪ್‌ಶೈರ್‌ಗೆ ಹೋಗಿ ಅಲ್ಲಿಯೋರ ಕೂಸುಗಳನ್ನ ಎತ್ಕೊತಾರೆ. ಯಾರ ಕಡೆ ನಿಲ್ತೀಯ ನೀನು?"

"ಯಾರ ಕಡೇನೂ ಇಲ್ಲ."

"ವೋಟಿರೋರಿಗೆ ಏನು ಗತ್ತಪ್ಪ," ಎಂದು ಒಡಿಲಿಯಾ ಹಿಟ್ಟಿನ ಮೇಲೆ ಸಕ್ಕರೆ ಉದುರಿಸಿದಳು. "ನಂಗಿಲ್ಲ ನೋಡು, ಅದಕ್ಕೆ ನನ್ನ ಕಂಡು ಯಾರೂ ಹಲ್ಲು ಕಿರಿಯಲ್ಲ. ಸುಖವಾಗಿದೀನಿ."

ಲವೋನಳಿಗೆ ನಗಬೇಕೆನಿಸಿತು, ನಗಲಿಲ್ಲ. ಅಕ್ಟೋಬರಿನಲ್ಲಿ ಗ್ರಂಥಾಲಯದ ನೆಲಮಾಳಿಗೆಗೆ ಅವಳು ಹೋದದ್ದು ಹಾಲ್ಡೇನನನ್ನು ನೋಡುವುದಕ್ಕಲ್ಲ, ಎರಡು ತಟ್ಟೆ ಕುಂಬಳಕಾಯಿ ಕೇಕು ಕೊಟ್ಟು ಬರುವುದಕ್ಕೆ. ಶಾಲೆಯ ಬ್ಯಾಂಡಿಗೆ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದ ವರ್ಲಿನ್ ಓಸ್ಟರ್‌ಹೌಸ್ ಈಗ ಹಾಲ್ಡೇನನಿಗೆ ಈ ಊರ ಮುಂದಾಳು. 'ನಿನ್ನ ಕೈಯಿಂದ್ಲೇ ಆಗ್ಬೇಕು ಲವೋನ್' ಅಂದಿದ್ದ. ಹಾಕಿದ್ದ ಕುರ್ಚಿ ನಲವತ್ತು, ಬಂದ ಜನ ಇಪ್ಪತ್ತೊಂಬತ್ತು. ಕೇಕಿನ ಹತ್ತಿರ ಬಂದ ಹಾಲ್ಡೇನ್ ಕೇಕು ತೆಗೆದುಕೊಳ್ಳದೆ ಅವಳ ಎರಡೂ ಕೈ ತೆಗೆದುಕೊಂಡ. ಕೆಮ್ಮಿನ ಮಿಠಾಯಿಯ ವಾಸನೆ. ನಿಮ್ಮ ಕಷ್ಟ ಏನು, ನನಗೆ ಹೇಳಿ ಅಂದ. ಐವತ್ತೆಂಟು ವರ್ಷದಲ್ಲಿ ಯಾರೂ ಅವಳಿಗೆ ಹಾಗೆ, ಹಿಂದೆ ಇನ್ನೇನೂ ಕೆಲಸವಿಲ್ಲದವರಂತೆ, ಹೇಳಿ ಎಂದಿರಲಿಲ್ಲ. ಅವಳು ಹೇಳಿದಳು. ಎದೆಯೊಳಗೆ ಎಂಟು ತಿಂಗಳು ಗಡ್ಡೆ ಕಟ್ಟಿದ್ದು ನಾಲ್ಕು ನಿಮಿಷದಲ್ಲಿ ಹೊರಗೆ ಬಂತು. ಕೊನೇಲಿ ನೀವು ಜೊತೆಗಿದ್ರಲ್ಲ, ಅಂದ ಅವನು. ಹೌದು ಎನ್ನುವುದಕ್ಕೆ ಮಾತ್ರ ಜಾಗ ಬಿಟ್ಟು ಕೇಳಿದ ಪ್ರಶ್ನೆ ಅದು. ಇದ್ದೆ, ಕೈ ಹಿಡ್ಕೊಂಡಿದ್ದೆ ಅಂದುಬಿಟ್ಟಳು. ಅವನ ಬೆನ್ನ ಹಿಂದೆ ಕನ್ನಡಕದ ಹೆಂಗಸೊಬ್ಬಳು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದದ್ದು ಕಂಡದ್ದು ಆಮೇಲೆ. ತಂಗಿಯ ಹೆಸರು ಅವನು ಕೇಳಲೇ ಇಲ್ಲ. ಕೇಳಿದ್ದರೆ, ಮಾರ್ಲಿಸ್ ಎಂದು ಬಾಯಲ್ಲಿ ಹೇಳಬೇಕಾಗಿ ಬಂದಿದ್ದರೆ, ಬಹುಶಃ ಆ ಹೆಸರೇ ನಾಲಗೆಯನ್ನು ಹಿಡಿದು ನಿಲ್ಲಿಸುತ್ತಿತ್ತು ಎಂದು ಅವಳು ಎಷ್ಟೋ ಸಲ ಯೋಚಿಸಿದ್ದಾಳೆ. ಅದೂ ತಪ್ಪನ್ನು ಅವನ ತಲೆಗೆ ಕಟ್ಟುವ ಇನ್ನೊಂದು ಉಪಾಯ ಎಂದು ಬೈದುಕೊಂಡೂ ಇದ್ದಾಳೆ.

ಮಕ್ಕಳು ಸಾಲಾಗಿ ಬಂದರು. ಒಂದೊಂದು ತಟ್ಟೆಗೆ ಒಂದು ಸೌಟು ಚಿಲಿ, ಒಂದು ಬನ್ನು. ಮೂರನೇ ತರಗತಿಯ ಹೊಸ ಟೀಚರು ಸಾಲಿನ ಕೊನೆಯಲ್ಲಿ ನಿಂತು, ಮಕ್ಕಳ ತಲೆಯ ಮೇಲಿಂದ, "ನಿಮ್ಮ ವಿಷಯ ಮೊನ್ನೆ ಟೀವೀಲಿ ಮತ್ತೆ ಬಂತು. ನಂಗೆ ಅಳು ತಡ್ಕೊಳ್ಳಕ್ಕಾಗ್ಲಿಲ್ಲ. ಎಂಥ ಗಟ್ಟಿ ಮನಸ್ಸು ನಿಮ್ದು" ಅಂದಳು. "ಬನ್ನು ಒಂದೋ ಎರಡೋ" ಎಂದು ಕೇಳಿದಳು ಲವೋನ್. ಟೀಚರಿನ ಮುಖ ಚಿಕ್ಕದಾಯಿತು. ಆಗಲಿ. ಮೂರು ತಿಂಗಳಿಂದ ಇದೇ. ಪಾದ್ರಿ ಪ್ರಾರ್ಥನೆಯಲ್ಲಿ 'ನಮ್ಮಲ್ಲೊಬ್ಬ ಸೋದರಿಯ ನಿಷ್ಠೆ' ಎಂದದ್ದು, ಪೆಟ್ರೋಲ್ ಬಂಕಿನವನು ಕಾಫಿಯ ಲೋಟವನ್ನು ಸುಮ್ಮನೆ ಅವಳ ಕಡೆ ಸರಿಸಿದ್ದು. ಊರಿಗೆ ಊರೇ ಅವಳನ್ನು ಒಳ್ಳೆಯವಳು ಮಾಡಿ ಕೂರಿಸಿತ್ತು. ಊರಿನಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಮಾರ್ಲಿಸಳ ಮಗಳು ಕ್ರಿಸ್ಟಾ, ಸೋಮವಾರ ಮಧ್ಯಾಹ್ನ ಬಾಗಿಲು ತೆಗೆದು ತಾಯಿಯನ್ನು ಅಡುಗೆಮನೆಯ ನೆಲದ ಮೇಲೆ ಕಂಡವಳು. ಆಗ ಮಾರ್ಲಿಸ್ ಹೋಗಿ ಒಂದು ರಾತ್ರಿ ಆಗಿತ್ತು. ಅವಳ ಕೈಯನ್ನು ಯಾರೂ ಹಿಡಿದಿರಲಿಲ್ಲ. ಈಗ ಕ್ರಿಸ್ಟಾ ಅದೇ ಮನೆಗೆ ಬಂದು ಇದ್ದಾಳೆ. ಟೀವಿಯಲ್ಲಿ ಹಾಲ್ಡೇನನ ಮಾತು ಬಂದ ಮಾರನೆಯ ವಾರ ಅಂಗಡಿಯಲ್ಲಿ ಎದುರಾದಾಗ ಅವಳು ದೊಡ್ಡಮ್ಮನ ಮುಖ ನೋಡಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಮೊಟ್ಟೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು, ಹನ್ನೆರಡನ್ನೂ. ಬೈದಿದ್ದರೆ ಚೆನ್ನಾಗಿತ್ತು.

ಕೆಲಸ ಮುಗಿಸಿ ಮನೆಗೆ ಹೋದರೆ ಟಪಾಲು ಡಬ್ಬಿಯಲ್ಲಿ ಕೊನೆಯ ಕಂತು ಬಂದು ಬಿದ್ದಿತ್ತು, ಮಿರಮಿರ ಮಿಂಚುವ ದಪ್ಪ ಕಾಗದಗಳಲ್ಲಿ ಮೂರು ನಗೆ. ಲವೋನ್ ಅವನ್ನು ಊಟದ ಮೇಜಿನ ಮೇಲೆ ಇಸ್ಪೀಟಿನೆಲೆಯಂತೆ ಹರಡಿಕೊಂಡು ಕೋಟೂ ಬಿಚ್ಚದೆ ಕುಳಿತಳು. ಟೋಲ್ಬರ್ಟ್, ಎರಡು ಸಲ ಗವರ್ನರ್ ಆದವನು. ಮೀನೂಟದ ದಿನ ಚರ್ಚಿಗೆ ಬಂದು ಎಲ್ಲರ ಬೆನ್ನು ತಟ್ಟಿ, ಆಸ್ಪತ್ರೆಯ ಮಾತು ತೆಗೆದವನಿಗೆ ನೀವು ಹೇಳೋದು ಸರಿ ಅಂದ, ಅದನ್ನು ವಿರೋಧಿಸಿದವನಿಗೂ ನೀವು ಹೇಳೋದು ಸರಿ ಅಂದ. ಗೆಲ್ಲುವ ಕುದುರೆ ಎನ್ನುತ್ತಾರೆ. ಗೆದ್ದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಪ್ರೆಂಟಿಸ್, ಮುಂಚೆ ವಕೀಲೆ. ಮಾತಿನಲ್ಲಿ ಉಪ್ಪಿಲ್ಲ ಹುಳಿಯಿಲ್ಲ. ಶಾಲೆಯ ಊಟದ ಬಗ್ಗೆ ಲವೋನ್ ಕೇಳಿದಾಗ 'ಗೊತ್ತಿಲ್ಲ, ತಿಳ್ಕೊಂಡು ಬರೀತೀನಿ' ಅಂದಿದ್ದಳು, ಮೂರು ವಾರಕ್ಕೆ ಎರಡು ಪುಟದ ಕಾಗದ ಬಂತು, ಅದರಲ್ಲೂ ಅರ್ಧಕ್ಕೆ ಗೊತ್ತಿಲ್ಲವೆಂದೇ ಇತ್ತು. ಮತ್ತೆ ಹಾಲ್ಡೇನ್. ಅವನ ನಗೆಯ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದರೂ ಕೆಳಗಿನ ಅಕ್ಷರ ಉಳಿಯುತ್ತದೆ: ಇನ್ಸುಲಿನ್ನಿಗೆ ಒಂದೇ ದರ, ಯಾರಿಗೂ ಅದಕ್ಕಿಂತ ಹೆಚ್ಚಿಲ್ಲ, ಮೊದಲ ನೂರು ದಿನದಲ್ಲಿ. ಉಳಿದಿಬ್ಬರು ಸಮಿತಿ ಮಾಡುತ್ತಾರೆ, ಪರಿಶೀಲಿಸುತ್ತಾರೆ. ಇವನೊಬ್ಬ ಮಸೂದೆ ಬರೆದು ತಂದಿದ್ದಾನೆ. ಅದೇ ಅವಳ ಗಂಟಲಿಗೆ ಸಿಕ್ಕ ಮುಳ್ಳು. ಹೆಣದ ಮೇಲೆ ಹೂವಿಟ್ಟು ಮೆರೆಯುವವನ ಕೈಯಲ್ಲೇ ಔಷಧಿಯೂ ಇರಬೇಕೆ? ಅವನು ಪೂರ್ತಿ ಕಳ್ಳನಾಗಿದ್ದರೆ ಅವಳ ಸಿಟ್ಟಿಗೆ ನೆಲೆ ಸಿಗುತ್ತಿತ್ತು. ಅವನು ತನ್ನಿಂದ ಕದ್ದದ್ದಾದರೂ ಏನು? ತಾನು ಕೊಟ್ಟ ಸುಳ್ಳನ್ನೇ ತಾನೆ?

ಹೋದ ಫೆಬ್ರವರಿಯ ಆ ಭಾನುವಾರ ಫೋನು ಬಂದಾಗ ಅವಳ ಕೈಗೆ ಹಿಟ್ಟು ಹತ್ತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಅದು ನಡುಗುತ್ತ ಒಂದು ಬೆರಳಷ್ಟು ಸರಿಯಿತು, ಮಾರ್ಲಿಸ್ ಎಂದು ಬೆಳಗಿತು. ಕ್ರಿಸ್‌ಮಸ್ಸಿನ ಊಟಕ್ಕೆ ಬಂದವಳು ಎಲ್ಲರೆದುರು ತಟ್ಟೆ ದೂಡಿ, 'ನೀನು ಬಡ್ಸೋದು ಊಟ ಅಲ್ಲ ಲವೋನ್, ಉಪಕಾರ. ನಂಗೆ ಇಳಿಯಲ್ಲ ಇದು' ಅಂದು ಎದ್ದು ಹೋಗಿದ್ದಳು. ಅದಾಗಿ ಏಳು ವಾರ. ಮೊಣಕೈಯಿಂದ ಫೋನನ್ನು ಮಗುಚಿಹಾಕಿದಳು. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಬಂತು. ಅಷ್ಟರಲ್ಲಿ ಕೈ ತೊಳೆದು ಆಗಿತ್ತು. ಒಣಗಿದ ಕೈಗಳನ್ನು ಇನ್ನೊಮ್ಮೆ ಒರೆಸಿಕೊಳ್ಳುತ್ತ ನಿಂತು ನೋಡಿದಳು. ಮೂರನೇ ಸಲ ಮಾಡಲಿ, ಆಗ ಎತ್ತುತ್ತೇನೆ ಅಂದುಕೊಂಡಳು. ಅಷ್ಟಾದರೂ ಸೋಲಲಿ ಅವಳು. ಮೂರನೇ ಸಲ ಬರಲಿಲ್ಲ. ಆ ಹೊತ್ತು ಅವಳಿಗೆ ಅನಿಸಿದ್ದು ಆತಂಕವಲ್ಲ, ನಿರಾಶೆ. ಗೆದ್ದದ್ದು ಪೂರ್ತಿ ಗೆದ್ದಂತಾಗಲಿಲ್ಲ ಎನ್ನುವ ನಿರಾಶೆ.

ಸಂಜೆ ಆರೂವರೆಗೆ ಶಾಲೆಗೆ ಮರಳಿದಾಗ ಅವಳದೇ ಊಟದ ಹಾಲಿನಲ್ಲಿ ಮೇಜುಗಳನ್ನು ಮಡಚಿ ಗೋಡೆಗೆ ಒರಗಿಸಿದ್ದರು. ಒಂದು ಮೂಲೆಗೆ ಟೋಲ್ಬರ್ಟ್, ಒಂದಕ್ಕೆ ಪ್ರೆಂಟಿಸ್, ತಟ್ಟೆ ತೊಳೆಯುವ ಕಿಂಡಿಯ ಪಕ್ಕದ್ದು ಹಾಲ್ಡೇನ್. ಗುಟ್ಟಿನ ಮತ ಇಲ್ಲಿಲ್ಲ. ನೆರೆಹೊರೆಯವರು ನೋಡುತ್ತಿರುವಾಗಲೇ ಕಾಲೆತ್ತಿ ಹೋಗಿ ನಿಲ್ಲಬೇಕು. ಬಂದವರಲ್ಲಿ ನೂರಕ್ಕೆ ಹದಿನೈದು ಮಂದಿಯಾದರೂ ಇಲ್ಲದ ಮೂಲೆ ಲೆಕ್ಕಕ್ಕಿಲ್ಲ. ಆ ಮೂಲೆಯವರು ಚದುರಿ ಬೇರೆಯವರ ಜೊತೆ ಸೇರಬೇಕು. ಸಭೆಯ ಅಧ್ಯಕ್ಷೆ ಗ್ಲೆಂಡಾ, ಹಲ್ಲಿನ ಡಾಕ್ಟರ ಕಚೇರಿಯವಳು, ಹೆಗಲು ತಟ್ಟುತ್ತ ತಲೆ ಎಣಿಸಿ ಎಂಬತ್ತನಾಲ್ಕು ಅಂದಳು. ಹಾಗಾದರೆ ಹದಿಮೂರು ಬೇಕು. ಟೋಲ್ಬರ್ಟಿಗೆ ಮೂವತ್ತೆಂಟು, ಪ್ರೆಂಟಿಸ್‌ಗೆ ಮೂವತ್ತೊಂದು, ಹಾಲ್ಡೇನನಿಗೆ ಹನ್ನೊಂದು. ಎಲ್ಲಿಯೂ ನಿಲ್ಲದವರು ನಾಲ್ವರು, ಅವರಲ್ಲಿ ಮಕ್ಕಳ ಹಾಲಿಡುವ ತಂಪು ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತ ಲವೋನ್ ಒಬ್ಬಳು. ಆ ಹನ್ನೊಂದು ಜನರನ್ನು ಅವಳು ಒಬ್ಬೊಬ್ಬರನ್ನಾಗಿ ನೋಡುತ್ತ ಹೋದಳು, ತನ್ನ ಸುಳ್ಳಿಗೆ ಮರುಳಾದವರು ಯಾರು ಯಾರೆಂದು. ಏಳನೆಯ ಮುಖ ಕ್ರಿಸ್ಟಾಳದು.

ಅವಳು ಬರುತ್ತಾಳೆಂದು ಗೊತ್ತಿತ್ತು; ಹಾಲ್ಡೇನನ ಎದುರು ಮೂಲೆಯಲ್ಲಿ ನಿಂತಿರುತ್ತಾಳೆ, ತನ್ನನ್ನು ಕಂಡು ಮುಖ ತಿರುಗಿಸುತ್ತಾಳೆ ಎಂದು ಲವೋನ್ ಸಿದ್ಧಳಾಗಿ ಬಂದಿದ್ದಳು. ಇಲ್ಲಿ ಅವಳು ಮುಖ ತಿರುಗಿಸಲಿಲ್ಲ. ಎದೆಯ ಮೇಲೆ ಹಾಲ್ಡೇನನ ಹೆಸರಿನ ನೀಲಿ ಚೀಟಿ ಅಂಟಿಸಿಕೊಂಡು ಮಾರ್ಲಿಸಳದೇ ಗಲ್ಲವನ್ನು ಮುಂದೆ ಚಾಚಿ ನೆಟ್ಟಗೆ ನೋಡಿದಳು. ವರ್ಲಿನ್ ಬಳಿಗೆ ಬಂದು ಲವೋನಳ ತೋಳು ಮುಟ್ಟಿದ.

"ಇಬ್ರು ಕಡಿಮೆ ಬಿದ್ದಿದಾರೆ ಲವೋನ್. ಇಬ್ರೇ. ನೀನು ಬಂದ್ರೆ ಒಬ್ರು. ನೀನು ಒಂದು ನಿಮಿಷ ಮಾತಾಡಿದ್ರೆ ಇನ್ನೊಬ್ರು ತಾವೇ ಬರ್ತಾರೆ."

"ನಾನು ಮಾತಾಡಲ್ಲ."

"ಹೊಸದೇನೂ ಬೇಡಮ್ಮ. ಅವ್ನು ಹೇಳೋದನ್ನೇ ಹೇಳು. ನಿಂದೇ ಕಥೆ ಅಲ್ವಾ ಅದು?"

"ನಾನು ಒಂದ್ಸಲ ಅವಳ ಹತ್ರ ಮಾತಾಡ್ಬೇಕು," ಎಂದು ವರ್ಲಿನನನ್ನು ದಾಟಿ ಕ್ರಿಸ್ಟಾಳ ಮುಂದೆ ಹೋಗಿ ನಿಂತಳು. ಹತ್ತಿರದಿಂದ ನೋಡಿದರೆ ಹುಡುಗಿಯ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಇಪ್ಪತ್ನಾಲ್ಕು ವರ್ಷಕ್ಕೇ ಇಷ್ಟು ಕಪ್ಪು. "ನೀನು ಇಲ್ಲಿ ನಿಲ್ತೀಯ ಅಂತ ಅಂದ್ಕೊಂಡಿರ್ಲಿಲ್ಲ."

"ಮಸೂದೆ ಬೇಕು ನಂಗೆ. ಅವ್ನು ಬೇಡ," ಎಂದಳು ಕ್ರಿಸ್ಟಾ. ದನಿ ತಗ್ಗಿಸಲಿಲ್ಲ. "ನೀನೂ ಬೇಡ ಆಂಟಿ. ಆದ್ರೆ ಇಬ್ರು ಕಡಿಮೆ ಇದಾರಂತಲ್ಲ, ಹೋಗಿ ಹೇಳು. ನನ್ನೆದುರಿಗೆ ಹೇಳು, ಕೇಳ್ತೀನಿ. ಕೈ ಹೇಗ್ ಹಿಡ್ಕೊಂಡಿದ್ದೆ, ಬಲಗೈನೋ ಎಡಗೈನೋ. ಹಿಮ ಬೀಳ್ತಿತ್ತಂತೆ."

ಸುತ್ತಲಿನವರು ಕೇಳಿಯೂ ಕೇಳದವರಂತೆ ನಿಂತರು. ಈ ಊರಿನ ಜನಕ್ಕೆ ಅದು ಹುಟ್ಟಾ ಬಂದ ವಿದ್ಯೆ. ಲವೋನಳ ಕಿವಿ ಬಿಸಿಯಾಯಿತು. ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟೇ. ಈ ಹುಡುಗಿಗೆ ಏನು ಹಕ್ಕಿದೆ, ಅವಳಾದರೂ ತಾಯಿಯ ಜೊತೆ ಇದ್ದಳೇನು, ನಲವತ್ತು ಮೈಲಿ ದೂರದಲ್ಲಿ ತನ್ನ ಪಾಡಿಗೆ ತಾನಿದ್ದವಳು. ಆ ಸಿಟ್ಟನ್ನೇ ಹಿಡಿದುಕೊಂಡು, ಅದು ಆರುವ ಮುಂಚೆ, ಅವಳು ಹಾಲಿನ ನಡುವೆ ಹೋಗಿ ನಿಂತಳು. ದಿನಾ ತಾನೇ ಒರೆಸುವ ನೆಲ. ವರ್ಲಿನ್ ಗ್ಲೆಂಡಾಳಿಗೆ ಏನೋ ಹೇಳಿದ, ಗ್ಲೆಂಡಾ ಚಪ್ಪಾಳೆ ತಟ್ಟಿ, ಹಾಲ್ಡೇನ್ ಪರವಾಗಿ ಲವೋನ್ ಟೀಮನ್, ಒಂದು ನಿಮಿಷ, ಅಂದಳು. ಜನ ಅದಾಗಲೇ ಮುಖ ಮೆತ್ತಗೆ ಮಾಡಿಕೊಂಡಿದ್ದರು.

"ನನ್ನ ತಂಗಿ ಹೆಸ್ರು ಮಾರ್ಲಿಸ್," ಎಂದಳು ಲವೋನ್. "ಸೆನೆಟರಿಗೆ ಅದು ಗೊತ್ತಿಲ್ಲ. ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಅವಳು ಔಷಧಿ ಅರ್ಧ ಮಾಡ್ತಿದ್ದದ್ದು ನಿಜ. ಅವಳು ಹೋಗುವಾಗ ನಾನು ಅಲ್ಲಿ ಇರ್ಲಿಲ್ಲ. ನನ್ನ ಮನೇಲಿದ್ದೆ. ಫೋನ್ ಮಾಡಿದ್ಲು, ಎತ್ಲಿಲ್ಲ. ಜಗಳ ಆಗಿತ್ತು ನಮಗೆ. ಕೈ ಹಿಡ್ಕೊಂಡಿದ್ದೆ ಅಂತ ಅವ್ನಿಗೆ ಸುಳ್ಳು ಹೇಳಿದ್ದು ನಾನು. ಅವ್ನು ಅದಕ್ಕೆ ಹಿಮ ಸೇರ್ಸಿದ, ಅಷ್ಟೆ." ಯಾರೋ ಕೆಮ್ಮಿದರು. "ನಂಗೆ ಅವ್ನನ್ನ ಕಂಡ್ರಾಗಲ್ಲ. ಅವ್ನ ಬಾಯಲ್ಲಿ ಅವಳ ವಿಷಯ ಕೇಳಿದ್ರೆ ಮೈಯೆಲ್ಲ ಉರಿಯುತ್ತೆ. ಆದ್ರೆ ಅವ್ನ ಮಸೂದೆ ಹೋದ ವರ್ಷವೇ ಬಂದಿದ್ರೆ ಅವಳು ಇಂಥ ಊಟದ ಹಾಲಲ್ಲಿ ಎಲ್ಲೋ ನಿಂತ್ಕೊಂಡು ನನ್ನ ಬೈತಾ ಇರ್ತಿದ್ಲು. ಅದಕ್ಕೆ ನಾನು ಆ ಮೂಲೆಗೆ ಹೋಗ್ತೀನಿ. ಬರೋರು ಬನ್ನಿ."

ಚಪ್ಪಾಳೆ ಬರಲಿಲ್ಲ. ಹೋಗಿ ನಿಂತಳು. ಗ್ಲೆಂಡಾ ಮೂಲೆಯನ್ನು ಮತ್ತೆ ಎಣಿಸುತ್ತ ಬಂದು ಅವಳ ಹೆಗಲ ಹತ್ತಿರ ಕೈ ತಂದು, ಮುಟ್ಟದೆ, ಹನ್ನೆರಡು ಅಂದಳು. ಇನ್ನೊಬ್ಬರು ಬೇಕಿತ್ತು. ಎಂಬತ್ತನಾಲ್ಕು ಜನ ನೆಲ ನೋಡಿದರು, ಗಡಿಯಾರ ನೋಡಿದರು, ಬೂಟಿಗೆ ಹತ್ತಿದ ಹಿಮ ಕರಗಿ ನೀರಾದದ್ದನ್ನು ನೋಡಿದರು. ಆಮೇಲೆ ಹಾಲ್ಡೇನನ ಮೂಲೆಯಿಂದಲೇ, ಬೀಜದ ಕಂಪನಿಯ ಟೊಪ್ಪಿಗೆ ಹಾಕಿದ್ದ ಒಬ್ಬ ರೈತ ಎದೆಯ ಮೇಲಿನ ಚೀಟಿಯನ್ನು ನಿಧಾನವಾಗಿ ಕಿತ್ತು, ಎಲ್ಲಿ ಎಸೆಯುವುದೆಂದು ತಿಳಿಯದೆ ಮಡಚಿ ಜೇಬಿಗಿಟ್ಟುಕೊಂಡು ಟೋಲ್ಬರ್ಟಿನ ಕಡೆಗೆ ನಡೆದ. ಹೋಗುವಾಗ, "ತಪ್ಪು ತಿಳಿಬೇಡಮ್ಮ," ಎಂದ. ಅದಕ್ಕಿಂತ ಉಗಿದಿದ್ದರೆ ಮೇಲಿತ್ತು. ಅವನ ಹಿಂದೆ ಇನ್ನಿಬ್ಬರು. ಗ್ಲೆಂಡಾ, ಹಾಲ್ಡೇನ್ ಮೂಲೆ ನಿಲ್ಲುವುದಿಲ್ಲ, ಹತ್ತು ನಿಮಿಷದಲ್ಲಿ ಬೇರೆ ಕಡೆ ಸೇರಿಕೊಳ್ಳಿ ಎಂದು ಕೂಗಿ ಹೇಳಿದಳು. ಸದ್ದು ಮತ್ತೆ ಹಾಲನ್ನು ತುಂಬಿತು.

"ಒಂದು ನಿಮಿಷ ಕೊಡ್ಸಿದ್ದೆ ನಿಂಗೆ," ಎಂದ ವರ್ಲಿನ್. "ಐದು ತಿಂಗಳಿಂದ ಚಳಿ ಗಾಳಿ ಅನ್ನದೆ ಮನೆ ಮನೆ ತಿರುಗಿದೀನಿ. ನನ್ನ ಮೊಮ್ಮಗಳಿಗೂ ಅದೇ ಕಾಯಿಲೆ, ಗೊತ್ತಾ ನಿಂಗೆ? ನಿನ್ನ ಮನಸ್ಸಾಕ್ಷಿ ತೊಳ್ಕೊಳ್ಳೋಕೆ ನನ್ನ ನಿಮಿಷವೇ ಬೇಕಿತ್ತಾ?"

ಗೊತ್ತಿರಲಿಲ್ಲ. ಅವನೂ ಯಾವತ್ತೂ ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ. ಅವನು ಮೂಲೆಯಲ್ಲಿದ್ದ ಹಾಲ್ಡೇನನ ಹೆಸರಿನ ಹಲಗೆ ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದ. ನಿಜ ಹೇಳಿದರೆ ಹಗುರಾಗುತ್ತದೆ ಎಂದು ಚರ್ಚಿನಲ್ಲಿ ಎಷ್ಟು ಸಲ ಕೇಳಿದ್ದಳು. ಹಗುರೇನೂ ಆಗಲಿಲ್ಲ. ಕ್ರಿಸ್ಟಾ ಮಾತ್ರ ಅಲ್ಲೇ ಇದ್ದಳು, ಕಿಂಡಿಯ ಉಕ್ಕಿನ ಅಂಚಿಗೆ ಒರಗಿಕೊಂಡು.

"ಎಷ್ಟ್ ಸಲ ಮಾಡಿದ್ಲು?" ಎಂದು ಕೇಳಿದಳು.

"ಎರಡು."

"ಎಷ್ಟೊತ್ತಿಗೆ?"

"ನಾಲ್ಕು ಗಂಟೆಗೆ ಒಂದು. ನಾಲ್ಕೂ ಹತ್ತಕ್ಕೆ ಒಂದು."

ಕ್ರಿಸ್ಟಾ ಲೆಕ್ಕ ಹಾಕುವವಳಂತೆ ತುಟಿ ಅಲ್ಲಾಡಿಸಿದಳು. "ನಂಗೆ ನಾಲ್ಕೂ ಕಾಲಿಗೆ," ಅಂದಳು. "ಸಿನಿಮಾದಲ್ಲಿದ್ದೆ ಅಂತ ಎಲ್ರಿಗೂ ಹೇಳಿದೀನಿ. ಸಿನಿಮಾ ಇಲ್ಲ ಏನೂ ಇಲ್ಲ, ಮನೇಲಿ ಸುಮ್ನೆ ಬಿದ್ಕೊಂಡಿದ್ದೆ. ಮತ್ತೆ ನಿನ್ನ ದೂರೋದನ್ನೇ ಶುರು ಹಚ್ಕೋತಾಳೆ, ಯಾರು ಕೇಳ್ತಾರೆ ಅಂತ ಎತ್ಲಿಲ್ಲ."

ಮೂರನೆಯ ಕರೆ ಎಲ್ಲಿಗೆ ಹೋಯಿತೆಂದು ಲವೋನಳಿಗೆ ಈಗ ಗೊತ್ತಾಯಿತು. ಹನ್ನೊಂದು ತಿಂಗಳಿಂದ ತನ್ನ ಮೇಲೆ, ಹಾಲ್ಡೇನನ ಮೇಲೆ, ಮೊಟ್ಟೆ ಎಣಿಸಿದ ಈ ಹುಡುಗಿಯ ಮೇಲೆ ಸುರಿದ ಸಿಟ್ಟೆಲ್ಲ ಒಂದು ಕ್ಷಣ ಎಲ್ಲಿ ಕೂರಬೇಕೆಂದು ತಿಳಿಯದೆ ಸುತ್ತಿತು. ಆಮೇಲೆ, ಮೊದಲನೆಯ ಸಲ, ಸತ್ತವಳ ಮೇಲೆ ಹೋಗಿ ಕೂತಿತು. ಅಕ್ಕನಿಗೆ ಎರಡು, ಮಗಳಿಗೊಂದು. ಹದಿನೈದು ನಿಮಿಷ ಕೈಯಲ್ಲಿ ಫೋನಿತ್ತು, ಅದರಲ್ಲಿ ಒತ್ತಬೇಕಾದ ಮೂರು ಅಂಕಿ ಮಗುವಿಗೂ ಗೊತ್ತು.

"ಆಂಬುಲೆನ್ಸಿಗೆ ಮಾಡ್ಬಾರ್ದಿತ್ತಾ ಅವಳು," ಎಂದಳು. ದನಿ ಒಡೆದು ಹೊರಬಿದ್ದದ್ದಕ್ಕೆ ಹತ್ತಿರದಲ್ಲಿದ್ದ ಒಂದಿಬ್ಬರು ತಿರುಗಿದರು. "ಏನ್ ಹಟ ಅದು, ಹಾಳು ಹಟ."

"ಹೂಂ," ಎಂದಳು ಕ್ರಿಸ್ಟಾ. "ನಾನೂ ದಿನಾ ಅದನ್ನೇ ಬೈತೀನಿ ಅವಳಿಗೆ." ಎದೆಯ ಮೇಲಿನ ನೀಲಿ ಚೀಟಿಯನ್ನು ಉಗುರಿನಿಂದ ಎಬ್ಬಿಸಿ ತೆಗೆದಳು. "ಪ್ರೆಂಟಿಸ್ ಕಡೆ ಹೋಗ್ತೀನಿ. ಆ ಟೋಲ್ಬರ್ಟ್ ಮುದುಕನ ಜೊತೆ ನಿಲ್ಲಕ್ಕಾಗಲ್ಲ. ನೀನು ಬರೋದಾದ್ರೆ ಬಾ. ನನ್ನ ಪಕ್ಕ ನಿಲ್ಬೇಡ."

ಲವೋನ್ ಹೋದಳು. ಹಾಲನ್ನು ಅಡ್ಡ ದಾಟುವಾಗ ಯಾರೂ ಅವಳ ತೋಳು ಮುಟ್ಟಲಿಲ್ಲ, ಯಾರೂ ಕಾಫಿ ಸರಿಸಲಿಲ್ಲ. ಜನ ಒಂದಿಷ್ಟು ಹೆಚ್ಚೇ ದಾರಿ ಬಿಟ್ಟರು. ಪ್ರೆಂಟಿಸ್ ಮೂಲೆಯಲ್ಲಿ ಕ್ರಿಸ್ಟಾ ನಿಂತ ಕಡೆ ನಿಂತಳು, ನಡುವೆ ಇಬ್ಬರನ್ನು ಬಿಟ್ಟು. ಆ ಇಬ್ಬರೂ ಅಣ್ಣತಮ್ಮಂದಿರು, ಹಂದಿ ಸಾಕುವವರು, ಏನೂ ಕೇಳಿಸದವರಂತೆ ಎದುರು ಗೋಡೆಯ ಹಣ್ಣುತರಕಾರಿಯ ಚಿತ್ರ ನೋಡುತ್ತಿದ್ದರು. ಗ್ಲೆಂಡಾ ಮೂಲೆಯ ಆ ತುದಿಯಿಂದ ಎಣಿಸಲು ಶುರು ಮಾಡಿದಳು.

"ಫ್ರಿಜ್ಜಲ್ಲಿ ಒಂದು ಶೀಶೆ ಇತ್ತು," ಎಂದಳು ಕ್ರಿಸ್ಟಾ, ಅಣ್ಣತಮ್ಮಂದಿರ ಎದೆಯ ಮುಂದಿನಿಂದ, ಯಾರಿಗೆಂದಿಲ್ಲದೆ. "ಪೂರ್ತಿ ತುಂಬಿದ್ದು. ಮುಚ್ಚಳ ಕೂಡ ತೆಗೆದಿರ್ಲಿಲ್ಲ. ಮುಂದಿನ ತಿಂಗಳಿಗೆ ಅಂತ ಇಟ್ಟಿದ್ಲು."

ಇಪ್ಪತ್ತೇಳು, ಇಪ್ಪತ್ತೆಂಟು, ಎನ್ನುತ್ತಿದ್ದಳು ಗ್ಲೆಂಡಾ.

"ಎಲ್ಲಿದೆ ಅದು ಈಗ?" ಎಂದಳು ಲವೋನ್.

"ಅಲ್ಲೇ ಇದೆ. ತೆಗೆದಿಲ್ಲ ನಾನು. ದಿನಾ ಹಾಲು ತೆಗೆಯೋವಾಗ ಕಾಣುತ್ತೆ."

"ನಾಳೆ ಬರ್ತೀನಿ."

"ಬರ್ಬೇಡ."

ಅಣ್ಣತಮ್ಮಂದಿರಲ್ಲಿ ಹಿರಿಯವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಗ್ಲೆಂಡಾ ಕ್ರಿಸ್ಟಾಳ ಹೆಗಲು ಮುಟ್ಟಿ ಮೂವತ್ತನಾಲ್ಕು ಅಂದಳು, ಅವನದು ಮೂವತ್ತೈದು, ತಮ್ಮನದು ಮೂವತ್ತಾರು.

"ಶನಿವಾರ ಬಾ," ಎಂದಳು ಕ್ರಿಸ್ಟಾ.

"ಮೂವತ್ತೇಳು," ಎಂದು ಗ್ಲೆಂಡಾ ಲವೋನಳ ಹೆಗಲ ಮೇಲೆ ಕೈಯಿಟ್ಟು, ಮುಂದೆ ಹೋದಳು.